ಮೊದಲು ಹೇಳಿದ್ದು ದ್ಯಾವಮ್ಮನಿಗೆ

ಗಂಜಿಯ ಮೇಲೆ ಕೆನೆ ಕಟ್ಟುತ್ತಿದೆ, ಇನ್ನೊಂದು ಗುಟುಕು ಕುಡೀರಿ ಅಂದರೂ ಗಂಡ ಬಾಯಿ ತೆರೆಯಲಿಲ್ಲ, ಚಲುವಮ್ಮ ಲೋಟವನ್ನು ನೆಲಕ್ಕಿಟ್ಟು ಸೆರಗಿನಿಂದ ಸೋಮಯ್ಯನ ಗಲ್ಲ ಒರೆಸಿದಳು, ಅರಿಶಿನ ಮೆತ್ತಿದ ಹಾಗಿದೆ ಗಲ್ಲ, ಕರುಳಿನ ಕ್ಯಾನ್ಸರು ಈಲಿಗೆ, ಲಿವರಿಗೆ ಹಬ್ಬಿದೆ ಅಂದರಲ್ಲ ಮೈಸೂರಿನ ಡಾಕ್ಟರು — ರಕ್ತ ಹೋಗೋಕೆ ಶುರುವಾಗಿ ಎಷ್ಟು ದಿನ ಆಯ್ತು ಅಂತ ಅವರು ಕೇಳಿದಾಗ ಇವನು ಗೋಡೆ ನೋಡಿದ, ಎರಡು ತಿಂಗಳು ಅನ್ನಲು ಇವಳು ಬಾಯಿ ತೆರೆದಳು, ಅಷ್ಟರಲ್ಲಿ ಹಿಂದೆ ಎಳನೀರು ಹಿಡಿದು ನಿಂತಿದ್ದ ದ್ಯಾವಮ್ಮ, ಇಲ್ಲ ಸಾ, ವೋದೊರ್ಸ ಗೌರಿ ಹಬ್ಬದಿಂದ್ಲೂ ಐತೆ ಅಂದಳು. ತೊಂಬತ್ತೆಂಟರ ಗೌರಿ ಹಬ್ಬ. ಅವತ್ತು ದೇವಲಾಪುರಕ್ಕೆ, ಸೋದರತ್ತೆಯ ಮನೆಗೆ ಹೋಗಿದ್ದ, ಮೂಗುಬೊಟ್ಟು ರಿಪೇರಿ ಅಂದಿದ್ದ, ಆ ಸೋದರತ್ತೆಯ ಮಗಳೇ ದ್ಯಾವಮ್ಮ, ಜಾತಕ ಕೂಡಿದ್ದರೆ ಈ ಪಾಂಡವಪುರದ ಮನೆ, ಚಿನ್ನ ಕಾಯಿಸುವ ಕುಲುಮೆ, ಈ ಮಂಚ ಎಲ್ಲ ಅವಳದೇ ಆಗುತ್ತಿತ್ತು. ಇಪ್ಪತ್ತಾರು ವರ್ಷ ಅವನ ಪಂಚೆ ಒಗೆದವಳು ಇವಳು, ಆದರೂ ರಕ್ತದ ಸುದ್ದಿ ಅವಳಿಗೆ, ಪಂಚೆಯನ್ನು ತಾನೇ ಒಗೆದುಕೊಳ್ಳುತ್ತಿದ್ದನೋ ಏನೋ, ಕಳ್ಳ. ನಾ ಆಸ್ಪತ್ರೆಗೆ ವೋಗು ಅಂತ ಬಡ್ಕಂಡೆ ಕಣವ್ವ, ಮೂಲವ್ಯಾಧಿ ಬುಡು ಅಂದ್ಬುಟ್ಟ — ಆಸ್ಪತ್ರೆಯ ಮೆಟ್ಟಿಲ ಮೇಲೆ ದ್ಯಾವಮ್ಮ ಅಳುತ್ತಿದ್ದಳು, ಅಳುವ ಹಕ್ಕು ಕೂಡ ಅವಳಿಗೇ ಮೊದಲು.

ಕರುಳಲ್ಲಿ ಹುಟ್ಟಿದ್ದು ಈಲಿಗ್ಯಾಕೆ ಓಯ್ತು ಅಂತ ಚಲುವಮ್ಮ ಕೀರ್ತನಳನ್ನು ಕೇಳಿದ್ದಳು, ತನ್ನ ಅಣ್ಣನ ಮಗಳು, ಮೈಸೂರಿನಲ್ಲಿ ಎಂಎಸ್ಸಿ ಓದುವವಳು, ಆರೈಕೆಗೆಂದು ಬಂದಿದ್ದಾಳೆ. ಕರುಳಿನ ರಕ್ತ ನೇರ ಈಲಿಗೇ ಹರಿಯೋದು ಅತ್ತೆ, ಜೊತೆಗೆ ಕೀಮೋಕೈನ್ ಅಂತ ಇದೆ, ಗಾಯ ಆದ ಜಾಗ ಅದನ್ನ ಸುರಿಸುತ್ತೆ, ಬಿಳಿ ರಕ್ತಕಣ ಅದರ ಜಾಡು ಹಿಡಿದು ಅಲ್ಲಿಗೆ ಹೋಗ್ತವೆ, ಕ್ಯಾನ್ಸರ್ ಕಣಗಳೂ ಹಂಗೇ ಕರೆದ ಕಡೆ ಹೋಗಿ ನೆಲೆ ನಿಲ್ತವಾ ಅಂತ ವಿಜ್ಞಾನಿಗಳು ಹುಡುಕ್ತಾವ್ರೆ, ಇನ್ನೂ ಗೊತ್ತಾಗಿಲ್ಲ. ಕರೆದ ಕಡೆ. ಚಲುವಮ್ಮನಿಗೆ ದೇವಲಾಪುರಕ್ಕೆ ಹೋಗಲು ಹತ್ತುವ ನಾಗಮಂಗಲದ ಬಸ್ಸಿನ ಕಿಟಕಿಯಲ್ಲಿ ಕೂತ ಗಂಡ ಕಂಡ, ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು. ನಿನ್ನೆ ಬೆಳಿಗ್ಗೆ ಅವನು, ದ್ಯಾವಿಗೊಂದ್ ಮಾತು ಯೋಳ್ಕಳ್ಸು ಅಂದ, ಇವಳು ಎಸ್‌ಟಿಡಿ ಬೂತಿನ ತನಕ ಹೋದಳು, ನಂಬರಿನ ಚೀಟಿ ಕೈಯಲ್ಲೇ ಬೆವರಿತು, ಫೋನು ಮುಟ್ಟದೆ ತಿರುಗಿ ಬಂದಳು, ಅವ್ಳಿಗೆ ಬರಕ್ಕಾಗಕಿಲ್ವಂತೆ ಅಂದಳು ಗಂಡನಿಗೆ. ಅವನು ಕಣ್ಣು ಮುಚ್ಚಿದ, ಕೀರ್ತನ ಮಾತ್ರ ಇವಳ ಮುಖವನ್ನೇ ನೋಡುತ್ತಿದ್ದಳು.

ನಿನ್ನೆಯೇ ಸಂಜೆ ಮೈ ತೊಳೆಯುವಾಗ ಅವನೇ ಅಂದ, ನಿಂಗ್ಯಾಕೆ ಯೋಳ್ನಿಲ್ಲ ಗೊತ್ತಾ ಚಲುವಿ, ನಿನ್ ಮುಂದೆ ನಾಚ್ಕೆ ಆಯ್ತಿತ್ತು, ಅವ್ಳ ತಾವ ಏನೂ ಅನ್ನುಸ್ನಿಲ್ಲ. ಇವಳ ಕೈ ನಿಂತಿತು, ತನ್ನೆದುರು ಅವನಿಗೆ ಇನ್ನೂ ಗಂಡಸಾಗಿಯೇ ಇರಬೇಕಿತ್ತು, ಅಷ್ಟು ಆಸೆ ತನ್ನ ಮೇಲೆ, ಖುಷಿಪಡಬೇಕು ತಾನೇ, ಆದರೆ ಏನೂ ಅನ್ನಿಸದೆ ಇರುವ ಸಲಿಗೆ, ಅದು ತನಗೆ ಒಂದು ದಿನವೂ ಸಿಗಲಿಲ್ಲ, ಬಟ್ಟೆ ಹಿಂಡಿದಳು, ಮತ್ತೆ ಹಿಂಡಿದಳು —

ಈಗ, ಗಂಜಿಯ ಲೋಟ ಇನ್ನೂ ನೆಲದ ಮೇಲಿರುವಾಗಲೇ, ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. ಚಲುವಿ, ನೀನೇ ಕರೀತಾ ಇದ್ದೀಯ ಅಂತ ಕೀರ್ತನ ಪೋನ್ ಮಾಡಿದ್ಲು, ಮೊದ್ಲ ಬಸ್ಸಿಗೇ ಬಂದ್ಬುಟ್ಟೆ ಕಣವ್ವ. ದ್ಯಾವಮ್ಮ. ಕೀರ್ತನ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬರಲ್ಲ ಅಂದಿದ್ದೆಯಲ್ಲ ಅಂತ ಅವನು ಕೇಳುತ್ತಾನೆ, ಈಗ ಕೇಳುತ್ತಾನೆ — ಕೇಳಲಿಲ್ಲ, ನಾಲ್ಕು ದಿನದಿಂದ ದಿಂಬಿಗೆ ಅಂಟಿಕೊಂಡಿದ್ದ ತಲೆ ಎದ್ದಿತು, ಇವಳು ಚಮಚ ಹಿಡಿದರೂ ಏಳದ ತಲೆ, ಕತ್ತಿನ ನರ ಬಿಗಿದು ನಡುಗುತ್ತಿದೆ, ಬಿದ್ದುಹೋಗುತ್ತದೆ ಅಂತ ಇವಳೇ ಕೈ ಕೊಟ್ಟಳು, ಎಷ್ಟು ಹಗುರ, ಅಂಗೈ ತುಂಬ ಬೆವರಿದ ಕೂದಲು, ಎತ್ತಿದ ತಲೆ, ಇವಳ ಕೈಯಲ್ಲೇ ಇದೆ, ಬಾಗಿಲ ಕಡೆ ಎತ್ತಿದ ತಲೆ.