ಬೀಗ ತೆಗೀಬೇಡಿ

ಹೆಣ ಹೊತ್ತು ಹೋದ ದಾರಿಯನ್ನು ಯಾವ ದೊರೆಯೂ ಮುಚ್ಚುವಂತಿಲ್ಲ ಎಂಬುದು ನೆದರ್ ಕೂಂಬ್ ಹಳ್ಳಿಯವರ ನಂಬಿಕೆ. ಕಾನೂನಿನಲ್ಲಿ ಹಾಗೇನೂ ಇಲ್ಲವೆಂದು ಪೇಟೆಯ ವಕೀಲ ಹೇಳಿದ್ದ. ಹೇಳಿಕೊಳ್ಳಲಿ ಬಿಡಿ, ಡಾರ್ಕಸ್ ಪಾರ್ಜಿಟರ್ ಮುದುಕಿಗೆ ಅದರಿಂದೇನಾಗಬೇಕು? ಅವಳ ಗಂಡ ರೂಬೆನ್ ಸಾಯುವ ಮುಂಚೆ ಕೇಳಿಕೊಂಡದ್ದು ಒಂದೇ ಮಾತು: "ನನ್ನನ್ನ ಹುಲ್ಲುಗಾವಲಿನ ದಾರೀಲೇ ಇಗರ್ಜಿಗೆ ಒಯ್ಯಬೇಕು ಕಣೇ. ಅವನು ಬೀಗ ಹಾಕಿದ್ರೂ ಸರಿ."

ಅವನು ಅಂದರೆ ಲ್ಯಾಂಗ್ರಿಶ್. ಲಂಡನ್ನಿನಿಂದ ಬಂದು ಊರಿನ ದೊಡ್ಡಮನೆ ಕೊಂಡವನು. ಅಜ್ಜ ಮುತ್ತಜ್ಜಂದಿರು ತುಳಿದ ಆ ಕಾಲುದಾರಿ ತನ್ನ ಜಮೀನಿನಲ್ಲಿದೆಯೆಂದು ಗೇಟು ಹಾಕಿ ಬೀಗ ಜಡಿದಿದ್ದ.

ಮಣ್ಣಿನ ದಿನ ಶವಪೆಟ್ಟಿಗೆ ಹೊರಲು ಆರು ಜನ ಬೇಕಿತ್ತು, ಬಂದದ್ದು ಐವರು. ಕ್ಲೆಮ್ ಬರಲಿಲ್ಲ. ಅವನು ಲ್ಯಾಂಗ್ರಿಶ್‌ನ ತೋಟದ ಆಳು, ಹೊಟ್ಟೆಪಾಡು ನೋಡಿ. ಡಾರ್ಕಸ್ ಬೀದಿಗೆ ಬಂದಳು. ಹುಲ್ಲುಮಾಡಿನ ಮನೆಗಳ ಫೋಟೋ ತೆಗೆಯುತ್ತ ಒಬ್ಬ ಪ್ರವಾಸಿ ನಿಂತಿದ್ದ.

"ಏನಪ್ಪಾ, ಹೆಗಲು ಗಟ್ಟಿಯಿದೆಯಾ?"

"ಅಯ್ಯೋ, ನಾನು ಸುಮ್ನೆ ಊರು ನೋಡೋಕೆ ಬಂದವನು ಅಜ್ಜಿ."

"ನೋಡೋಕೆ ತಾನೇ? ಬಾ, ಚೆನ್ನಾಗಿ ತೋರಿಸ್ತೀನಿ."

ಗೇಟಿನ ಬಳಿ ಲ್ಯಾಂಗ್ರಿಶ್ ಕಪ್ಪು ಟೈ ಕಟ್ಟಿಕೊಂಡು, ಕೀಲಿಕೈ ಹಿಡಿದು ಕಾದಿದ್ದ. ಅವನ ಹಿಂದೆ ಕ್ಲೆಮ್ ತಲೆ ತಗ್ಗಿಸಿ ನಿಂತಿದ್ದ.

"ಇಂಥ ದಿನ ಅಡ್ಡ ನಿಲ್ಲೋಷ್ಟು ಕಟುಕ ನಾನಲ್ಲ, ಮಿಸೆಸ್ ಪಾರ್ಜಿಟರ್," ಎಂದ. "ಇವತ್ತೊಂದು ದಿನ ನಿಮಗೆ ನನ್ನ ಅನುಮತಿ ಇದೆ."

ದನಿಯಲ್ಲಿ ನಿಜವಾದ ಮರುಕವಿತ್ತು, ಹಾಳಾದದ್ದು. ಡಾರ್ಕಸಳಿಗೆ ಮಂಡಿ ನೋಯುತ್ತಿತ್ತು. ಆಗಲಿ ಅಂದುಬಿಟ್ಟರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಕೀಲಿಕೈ ಬೀಗದೊಳಗೆ ಹೋದ ಸದ್ದಾಯಿತು.

"ಬೀಗ ತೆಗೀಬೇಡಿ!"

"ಅಜ್ಜೀ," ಪ್ರವಾಸಿ ಏದುಸಿರು ಬಿಡುತ್ತ ಪಿಸುಗುಟ್ಟಿದ, "ಅವರೇ ತೆಗೀತಿದಾರಲ್ಲ!"

"ಇವತ್ತು ಅಪ್ಪಣೆ ಇಸ್ಕೊಂಡ್ರೆ ನಾಳೇನೂ ಇಸ್ಕೋಬೇಕು ಕಣಪ್ಪಾ. ಅಪ್ಪಣೆ ಕೇಳಿ ನಡೆದ್ರೆ ಅದು ಅವರ ದಾರಿ. ಕೇಳ್ದೆ ನಡೆದ್ರೆ ನಮ್ದು."

"ಮತ್ತೆ ಹೇಗೆ ಹೋಗ್ತೀರಿ?" ಲ್ಯಾಂಗ್ರಿಶ್ ಕೇಳಿದ.

"ಮೇಲಿಂದ."

ಹೇಳುವುದು ಸುಲಭ. ರೂಬೆನ್ ಜನ್ಮವಿಡೀ ಹಂದಿಮಾಂಸದ ಪೈ ತಿಂದು ಬೆಳೆಸಿದ ಮೈ ಅದು. ಮೂವರು ಗೇಟು ಹತ್ತಿ ಆಚೆ ಇಳಿದರು, ಮೂವರು ಈಚೆಯಿಂದ ಎತ್ತಿದರು. ಪೆಟ್ಟಿಗೆ ಗೇಟಿನ ಮೇಲೆ ಓಲಾಡಿತು. ಪ್ರವಾಸಿಯ ಕಾಲು ಕೆಸರಿನಲ್ಲಿ ಜಾರಿತು.

ಅಷ್ಟರಲ್ಲಿ ಒಂದು ಹೆಗಲು ಪೆಟ್ಟಿಗೆಯ ಅಡಿಗೆ ಬಂದು ನಿಂತಿತು. ಕ್ಲೆಮ್‌ನದು.

"ಕ್ಲೆಮ್!" ಎಂದ ಲ್ಯಾಂಗ್ರಿಶ್.

"ನಾಳೆಯಿಂದ ಬರಬೇಡ ಅಂದ್ರೂ ಸರಿ, ಸಾರ್," ಕ್ಲೆಮ್ ತಿರುಗಿ ನೋಡದೆ ಹೇಳಿದ. "ಮೊದಲು ಇವನನ್ನ ದಾಟಿಸ್ತೀನಿ."

ರೂಬೆನ್ ದಾಟಿದ. ಈಗ ಡಾರ್ಕಸಳ ಸರದಿ. ಲ್ಯಾಂಗ್ರಿಶ್ ಕೈ ಚಾಚಿದ. ಅವಳು ಅದನ್ನು ನೋಡಿಯೂ ನೋಡದಂತೆ ಕಪ್ಪು ಲಂಗ ಮಂಡಿಯವರೆಗೆ ಎತ್ತಿಕಟ್ಟಿ, ಗೊಣಗುತ್ತ, ಗೇಟಿನ ಪಟ್ಟಿಗಳ ಮೇಲೆ ಒಂದೊಂದಾಗಿ ಕಾಲಿಟ್ಟು ಹತ್ತಿದಳು. ತುದಿಯಲ್ಲಿ ಕುಳಿತಾಗ ಗಂಡ ಸತ್ತ ಮೇಲೆ ಮೊದಲ ಸಲ ಅವಳಿಗೆ ಅಳು ಬಂತು. ಒರೆಸಿಕೊಳ್ಳಲೂ ಇಲ್ಲ.

"ಬೀಗ ಹಾಗೇ ಇರ್ಲಿ ಸ್ವಾಮೀ," ಅಂದಳು, ಆಚೆ ಕಾಲು ಹಾಕುತ್ತ. "ಭಾನುವಾರ ಪ್ರಾರ್ಥನೆಗೆ ಮತ್ತೆ ಬರ್ತೀನಿ. ಹೀಗೇ."