ಹಾಲಿನ ಲಾರಿ ಬಾರದ ಕಣಿವೆ

ಅಮೆರಿಕದ ವರ್ಮಾಂಟ್ ರಾಜ್ಯದ ಬೀವರ್ ಹೊಳೆಯ ಕಣಿವೆಯಲ್ಲಿ ಹಸು ಸಾಕುವ ಮನೆಗಳು ಕೊನೆಗೆ ಮೂರೇ ಉಳಿದಿದ್ದವು: ಆರ್ಮಾಂಡ್ ಟೆಟ್ರೋನದು, ದಿಬ್ಬದ ಮೇಲಿನ ಹೆಸ್ಟರ್ ಪರ್ಲಿಯದು, ಸೇತುವೆಯಾಚೆ ಲೈಮನ್‌ನದು. ಲೈಮನ್‌ನ ಬಯಲಿನ ಹುಲ್ಲನ್ನು ಆರ್ಮಾಂಡ್ ಗುತ್ತಿಗೆಗೆ ಹಿಡಿದಿದ್ದ. ಚಳಿಗಾಲವಿಡೀ ಅವನ ಹಸುಗಳ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ.

ಮನೆ ಕಟ್ಟಿಸಿ ಮಾರುವವರ ಕಾರುಗಳು ಕಣಿವೆಯಲ್ಲಿ ಸುಳಿದಾಡತೊಡಗಿದಾಗ ಹೆಸ್ಟರ್ ಆರ್ಮಾಂಡನ ಮನೆಗೆ ಬಂದಳು. ಊರಿನ ಭೂಸಂರಕ್ಷಣಾ ಟ್ರಸ್ಟಿನಲ್ಲಿ ಅವಳೂ ಒಬ್ಬಳು.

"ಜಮೀನು ನಿಂದೇ ಕಣೋ," ಎಂದು ಬಿಡಿಸಿ ಹೇಳಿದಳು. "ಉಳು, ಮೇಯಿಸು, ಬೇಕಾದ್ರೆ ಮಾರು. ಸೈಟು ಮಾಡಿ ಮನೆ ಕಟ್ಟೋ ಹಕ್ಕೊಂದನ್ನ ಮಾತ್ರ ಟ್ರಸ್ಟಿಗೆ ಮಾರ್ತೀಯ. ಬಿಲ್ಡರ್ ಕೊಡೋ ಬೆಲೆಗೂ ರೈತ ಕೊಡೋ ಬೆಲೆಗೂ ಇರೋ ಅಂತರದಲ್ಲಿ ಹೆಚ್ಚಿನ ಪಾಲು ನಿನ್ ಕೈಗೆ ಬರತ್ತೆ."

"ಎಷ್ಟು ವರ್ಷಕ್ಕೆ?"

"ಯಾವತ್ತಿಗೂ. ನಿನ್ ಆಮೇಲೆ ಬರೋರಿಗೂ ಅದೇ."

"ಅಂದ್ರೆ ನನ್ ಹೊಲಕ್ಕೆ ಮೂಗುದಾರ ಹಾಕೋಕೆ ಬಂದಿದೀಯ. ನಾಳೆ ಕಷ್ಟ ಬಂದು ಮಾರೋಕೆ ಹೋದ್ರೆ ಅರ್ಧ ಬೆಲೆನೂ ಸಿಗಲ್ಲ."

ಹೆಸ್ಟರ್ ಅದನ್ನು ಮುಚ್ಚಿಡಲಿಲ್ಲ. ಬೆಲೆ ಇಳಿಯುವುದು ನಿಜ, ಆದರೆ ಇಳಿದರೆ ತಾನೇ, ಹೊಲದಲ್ಲಿ ದುಡಿಯುವ ಹುಡುಗರಿಗೆ ಕೊಳ್ಳಲಾಗುವುದು ಎಂದಳು. ಹೊಲದಲ್ಲಿ ಮನೆ ಎದ್ದರೆ ಊರಿನ ಖರ್ಚು ಏರುತ್ತದೆ, ತೆರಿಗೆಯೂ ಏರುತ್ತದೆ. ಹಸು ಸ್ಕೂಲಿಗೆ ಹೋಗುವುದಿಲ್ಲ, ರಸ್ತೆ ಕೇಳುವುದಿಲ್ಲ ಎಂದಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಮೂರು ಮನೆಯೋರೂ ಸೇರಿದ್ರೆ ಉಳಿಯತ್ತೆ ಆರ್ಮಾಂಡ್. ನಾನೊಬ್ಬಳೇ ಆದ್ರೆ ಕಷ್ಟ," ಎಂದಳು.

ಹೆಂಡತಿ ಕೋರಿನ್ ಒಪ್ಪಿಬಿಡೋಣ ಎಂದಳು. ಆರ್ಮಾಂಡ್ ನಕ್ಕು ತಳ್ಳಿಹಾಕಿದ. ಅವನೇ ಒಲ್ಲೆ ಎಂದ ಮೇಲೆ, ಒಪ್ಪುವ ಮನಸ್ಸಿದ್ದ ಲೈಮನ್ ಕೂಡ ಹಿಂದೆ ಸರಿದು, ಬಯಲನ್ನು ಬಿಲ್ಡರಿಗೆ ಮಾರಿ ಊರು ಬಿಟ್ಟ.

ಹುಲ್ಲಿನ ಬಯಲಲ್ಲಿ ಮನೆಗಳೆದ್ದವು. ಆರ್ಮಾಂಡ್ ದೂರದಿಂದ ಮೇವು ತರಿಸಬೇಕಾಯಿತು, ತೆರಿಗೆಯೂ ಏರಿತು. ಎರಡು ಮನೆಗಾಗಿ ಯಾಕೆ ಇರಲಿ ಎಂದು ದನದ ಡಾಕ್ಟರು ಬೇರೆ ಊರಿಗೆ ಹೋದರು. ಆಮೇಲೆ ಡೇರಿಗೆ ಹಾಲು ಒಯ್ಯುತ್ತಿದ್ದ ಲಾರಿಯೂ ಕಣಿವೆ ಹತ್ತುವುದನ್ನು ನಿಲ್ಲಿಸಿತು. ಹೆಸ್ಟರ್ ತನ್ನ ಹೊಲದ ಹಕ್ಕನ್ನು ಬರೆದುಕೊಟ್ಟಾಗ ಬಂದ ಟ್ರಸ್ಟಿನ ಹಣದಿಂದ ಚೀಸ್ ಮಾಡಲು ಶುರುಮಾಡಿ ಹೇಗೋ ತಡೆದುಕೊಂಡಳು. ಆದರೂ ಅರ್ಧ ಹಸುಗಳನ್ನು ಮಾರಬೇಕಾಯಿತು. ಆರ್ಮಾಂಡನಿಗೆ ಒಂದೂ ಉಳಿಯಲಿಲ್ಲ.

ಹಸುಗಳನ್ನು ಹರಾಜಿಗೆ ಕಳಿಸಿದ ಮಧ್ಯಾಹ್ನ ಕೋರಿನ್ ಖಾಲಿ ಕೊಟ್ಟಿಗೆಯನ್ನು ತೊಳೆಯುತ್ತಲೇ ಇದ್ದಳು. ಸಾಕು ಎಂದರೂ ನಿಲ್ಲಿಸಲಿಲ್ಲ. ಅವನು ಅದನ್ನು ನೋಡಲಾರದೆ ದಿಬ್ಬ ಹತ್ತಿ ಹೆಸ್ಟರ್ ಮನೆಗೆ ಹೋದ.

"ಈಗ್ಲೂ ಟ್ರಸ್ಟಿಗೆ ಬರ್ಕೊಡಬಹುದಾ?"

"ಬರ್ಕೊಡಬಹುದು," ಎಂದಳು ಹೆಸ್ಟರ್. "ಹೋದ ಹಸು ಮಾತ್ರ ವಾಪಸ್ ಬರಲ್ಲ."

"ಗೊತ್ತು. ಹೊಲನಾದ್ರೂ ಹೊಲವಾಗೇ ಇರ್ಲಿ."

ಗಂಡ ಹೆಂಡಿರಿಬ್ಬರೂ ರುಜು ಹಾಕಿದರು. ಹೊಲದ ಬೆಲೆ ಇಳಿಯಿತು. ಅದನ್ನು ಮಾರಲು ಹೊರಟಾಗ ಕುರಿ ಸಾಕುವ ಆಸೆಯ ಎಳೆಯ ಜೋಡಿಯೊಂದು ನೋಡಲು ಬಂತು. ಬೆಲೆ ಅವರ ಕೈಗೆಟುಕಿತು, ಮಣ್ಣೂ ಹಿಡಿಸಿತು. ಆದರೆ ಡಾಕ್ಟರು ಎಲ್ಲಿ, ಮೇವಿನಂಗಡಿ ಎಲ್ಲಿ, ಸುತ್ತಮುತ್ತ ದನ ಕರು ಇರುವವರು ಯಾರು ಎಂದು ಆ ಹುಡುಗಿ ಕೇಳಿದಾಗ ಆರ್ಮಾಂಡ್ ದಿಬ್ಬದ ಮೇಲಿನ ಹೆಸ್ಟರ್ ಮನೆಯೊಂದನ್ನೇ ತೋರಿಸಿದ. ಅವರು ಯೋಚಿಸಿ ಹೇಳುತ್ತೇವೆಂದು ಹೋದರು. ಇನ್ನೂ ಹೇಳಿಲ್ಲ.

ಹೊಲ ಉಳ್ಳ ಅಣ್ಣಂದಿರೇ, ಅಕ್ಕಂದಿರೇ, ಒಬ್ಬರದೇ ಹೊಲ ಉಳಿದರೆ ಹುಲ್ಲು ಉಳಿದೀತು, ಬದುಕು ಉಳಿಯುವುದಿಲ್ಲ. ನಿಮ್ಮ ಕಣಿವೆಯಲ್ಲಿ ಇನ್ನೂ ಮೂರೋ ನಾಲ್ಕೋ ಹಸು ಸಾಕುವ ಮನೆಗಳು ಉಳಿದಿದ್ದರೆ ಈ ವಾರವೇ ಒಟ್ಟಿಗೆ ಕೂತು ಮಾತಾಡಿ, ಕೂಡಿಯೇ ಟ್ರಸ್ಟಿನ ಬಾಗಿಲು ತಟ್ಟಿ. ತಡವಾಗಿ ಹೋದರೂ ಅವರು ತೆರೆಯುತ್ತಾರೆ. ಆದರೆ ಆಗ ಅವರ ಹತ್ತಿರ ಕೊಡಲು ಹಣವಿರುತ್ತದೆ, ನೆರೆಹೊರೆ ಇರುವುದಿಲ್ಲ.