ಕಾಯದ ಉತ್ತರ

ಮಾರ್ಕರ್ ಕಿರ್ರೆನ್ನುತ್ತಿದೆ, ನಮ್ಮ ಟೀಮ್ ಲೀಡ್ ಪವಮಾನ ಬೋರ್ಡಿನ ಮೇಲೆ ಮತ್ತೆ ಅದೇ ಹೋಟೆಲ್ ಬಿಡಿಸುತ್ತಿದ್ದಾನೆ, ನಾಲ್ಕು ಟೇಬಲ್, ಒಬ್ಬ ಸಪ್ಲೈಯರ್ — ಅವ್ನು ಒಂದೇ ಟೇಬಲ್ ಮುಂದೆ ನಿಂತ್ಕೊಂಡು ಕಾಯಲ್ಲ ಕಣ್ರೀ, ಆರ್ಡರ್ ಒಳಗೆ ಕೊಟ್ಟು ಮುಂದಕ್ಕೆ ಹೋಗ್ತಾನೆ, ಬುಕಿಂಗ್ ನೋಡ್ಕೊಳ್ಳೋ ನಮ್ಮ ನೋಡ್ ಸರ್ವರ್ರೂ ಅಷ್ಟೇ — ಆಹಾ, ಸರಸ್ವತಿಪುರಂನ ಯಾವ ಸಪ್ಲೈಯರ್ ದೋಸೆ ಇನ್ನೂ ಕಾವಲಿಯ ಮೇಲಿರುವಾಗಲೇ ತಿಂದಾಯ್ತಲ್ಲ ಸಾರ್ ಎಂದು ಕೈ ತೊಳೆಯಲು ಕಳಿಸುತ್ತಾನೆ, ಇವನು ಕಳಿಸಿದ, ನಾನು ಕೋಡಿನಲ್ಲಿ ಬರೆದಿದ್ದ ಅವೇಟ್, ಅಂದರೆ ಕಾದಿರು, ಎಂಬ ಒಂದೇ ಒಂದು ಪದ ಕಿತ್ತುಹಾಕಿ, ಕಾಯ್ತಾ ಕೂತ್ರೆ ನಿಧಾನ ಆಗುತ್ತೆ ಮರ್ಲಿನ್, ಯೂಸರ್‌ಗೆ ತಕ್ಷಣ ಉತ್ತರ ಹೋಗ್ಬೇಕು, ಹೋಯಿತಲ್ಲ ತಕ್ಷಣ, ಡಯಾಲಿಸಿಸ್‌ಗೆ ನಿಮ್ಮ ಸೀಟು ಖಚಿತ ಎಂದು, ಆ ಸೀಟಿಗೆ ಬೇರೆ ಹೆಸರು ಬಿದ್ದಿದೆ, ಇದನ್ನು ಉಳಿಸಲಾರೆ ಎಂದು ಡೇಟಾಬೇಸ್ ಆಮೇಲೆ ಕೂಗಿಕೊಂಡಿತು, ಕೂಗು ಬಂದು ಬೀಳುವ ಜಾಗದಲ್ಲಿ ಈ ಮಹಾಪಂಡಿತ ಖಾಲಿ ಕ್ಯಾಚ್ ಒಂದನ್ನು, ತಪ್ಪನ್ನು ಹಿಡಿದು ಸುಮ್ಮನೆ ನುಂಗಿಬಿಡುವ ಕೋಡನ್ನು, ಇಟ್ಟಿದ್ದ, ಬಾಯಿಗೆ ಬಟ್ಟೆ ತುರುಕಿದ ಹಾಗೆ, ಯಾರಿಗೂ ಕೇಳಿಸಲಿಲ್ಲ —

ಬೆಳಿಗ್ಗೆ ಚಾಮರಾಜಪುರಂನ ಆ ಡಯಾಲಿಸಿಸ್ ಸೆಂಟರಿನಲ್ಲಿ ನಾನಿದ್ದೆ, ಅವರ ಕಂಪ್ಯೂಟರ್ ನೋಡಲು ಹೋದವಳು, ಮೇಟಗಳ್ಳಿಯಿಂದ ಆಟೋದಲ್ಲಿ ಬಂದ ಗಿರಿಜಾಂಬಾ ಫೋನು ಚಾಚಿ ನಿಂತರು, ಖಚಿತ ಅಂತ ಬಂದದೆ ಕಣಮ್ಮ, ಬೇಕಾರೆ ಓದು, ಒಳಗೆ ಮೆಷಿನ್ನಿನಲ್ಲಿ ಆಗಲೇ ಬೇರೊಬ್ಬರ ರಕ್ತ ಹರಿಯುತ್ತಿತ್ತು, ಸಂಜೆ ಒಂದು ಖಾಲಿ ಮಾಡ್ಕೊಡ್ತೀನಿ ಕೂತ್ಕೊಳ್ಳಮ್ಮ ಎಂದರು ಸಿಸ್ಟರ್ ಆರೋಗ್ಯಮೇರಿ, ಈಗ ಸೆಂಟರಿನ ಮ್ಯಾನೇಜರ್ ಫ್ರೆಡ್ಡಿ ನಮ್ಮ ಆಫೀಸಿನ ಸ್ಪೀಕರ್ ಫೋನಿನಲ್ಲಿ ಕೇಳುತ್ತಿದ್ದಾರೆ, ಏನ್ರೀ ಆಗಿದ್ದು, ಪವಮಾನ ಜೇನಿನಂತಹ ದನಿಯಲ್ಲಿ, ಏನಿಲ್ಲ ಸಾರ್, ಆಯಮ್ಮ ಬಟನ್ ಎರಡು ಸಲ ಒತ್ಬುಟ್ಟಿರ್ತಾರೆ, ವಯಸ್ಸಾದವ್ರಲ್ವಾ — ಥೂ, ಇವನ ನಾಲಿಗೆಗೂ ಖಾಲಿ ಕ್ಯಾಚ್ — ಇಲ್ಲ ಫ್ರೆಡ್ಡಿ ಸಾರ್, ಎಂದದ್ದು ನಾನೇ, ಅವ್ರು ಒಂದೇ ಸಲ ಒತ್ತಿದ್ದು, ಸಿಗೋಕ್ ಮುಂಚೇನೇ ಸಿಕ್ತು ಅಂತ ಸುಳ್ಳು ಹೇಳಿದ್ದು ನಮ್ಮ ಸರ್ವರು, ಮೊದ್ಲು ಅದನ್ನ ಸರಿ ಮಾಡಮ್ಮ ಎಂದು ಫ್ರೆಡ್ಡಿ ಫೋನು ಇಟ್ಟರು.

ಕಿತ್ತ ಪದವನ್ನು ಅದೇ ಜಾಗಕ್ಕೆ ಹಾಕಿದೆ, ಸರ್ವರ್ ಈಗ ಕಾಯುತ್ತದೆ, ಉತ್ತರ ಚೂರು ತಡ, ಆದರೆ ನಿಜ, ನನ್ಹತ್ರ ಮೊದ್ಲು ಹೇಳ್ಬೋದಿತ್ತು ಮರ್ಲಿನ್ ಎನ್ನುತ್ತಿದ್ದಾನೆ ಪವಮಾನ, ಹೇಳಿದ್ದೆನಲ್ಲಪ್ಪ, ನೀನು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ತಲೆಯಾಡಿಸಿದ್ದೆ, ಸಿಸ್ಟರ್ ಮೆಸೇಜು ಬಂತು, ಸೀಟು ಕೊಟ್ವಿ, ಅಮ್ಮ ಒಳಗೆ ಹೋದ್ರು, ಗೆದ್ದ ಖುಷಿ ಬರಬೇಕಿತ್ತು, ಬರುತ್ತಿಲ್ಲ, ಬೆಳಿಗ್ಗೆ ಸಿಸ್ಟರ್ ಬಗ್ಗಿ ಗಿರಿಜಾಂಬಾರ ನೀರು ತುಂಬಿ ಬಾತುಕೊಂಡ ಪಾದವನ್ನು ಹೆಬ್ಬೆರಳಲ್ಲಿ ಒತ್ತಿದ್ದು, ಬೆರಳು ತೆಗೆದರೂ ಅಲ್ಲೊಂದು ಗುಳಿ ಹಾಗೇ ಉಳಿದದ್ದು — ಸ್ಕ್ರೀನಿನಲ್ಲಿ ಕೋಡಿನ ಪರೀಕ್ಷೆಗಳೆಲ್ಲ ಪಾಸಾಗಿ ಹಸಿರು — ಆ ಗುಳಿ — ಪವಮಾನ ಇನ್ನೂ ಏನೋ ಗೊಣಗುತ್ತಿದ್ದಾನೆ — ಪಾದದ ಮೇಲೆ, ತುಂಬಿಕೊಳ್ಳದೆ, ಆ ಗುಳಿ